ಬ್ಯಾನರಿನ ಮೂಲೆಯ ನಂಬರು

ಸಿಂದಗಿಯ ಪ್ರೆಸ್ಸೊಂದರ ಕೆಲಸ ಬಿಟ್ಟು ಭಾಗ್ಯಜ್ಯೋತಿ ಮನೆಯಲ್ಲೇ ಸ್ವಂತವಾಗಿ ಬ್ಯಾನರು ಮಾಡಲು ಕುಳಿತಾಗ ನಮ್ಮ ಓಣಿಗೆ ಅರ್ಥವಾದದ್ದು ಒಂದೇ: ಈ ಹುಡುಗಿಗೆ ಈಗ ಕೆಲಸವಿಲ್ಲ. ಲ್ಯಾಪ್‌ಟಾಪಿನ ಮುಂದೆ ಬಾಗಿ ಕೂತವಳನ್ನು ಎಬ್ಬಿಸಿ ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳಲು ಹೇಳುವವರು, ಕೂಸನ್ನು ಅವಳ ತೊಡೆಗೆ ಹಾಕಿ ಸಂತೆಗೆ ಹೋಗುವವರು, ಎಲ್ಲ ನಮ್ಮವರೇ. ತಾಯಿ ಸಿದ್ದಲಿಂಗವ್ವನೂ ಬಂದವರಿಗೆಲ್ಲ, "ಖಾಲಿನ ಕುಂತಾಳ್ರಿ, ಏನರ ಇದ್ರ ಹೇಳ್ರಿ" ಎನ್ನುವವಳು. ಪಕ್ಕದ ಮನೆಯ ನನಗೇ ತಲೆ ಚಚ್ಚಿಕೊಳ್ಳಬೇಕು ಎನಿಸುತ್ತಿತ್ತು. ಅವಳಿಗೆ ಹೇಗಾಗಿರಬೇಡ!

ಹುಟ್ಟುಹಬ್ಬ, ಗೃಹಪ್ರವೇಶ, ಸೊಸೈಟಿ ಚುನಾವಣೆ, ಯಾವುದೇ ಇರಲಿ, ಫೋಟೊ ಜೋಡಿಸಿ, ಅಕ್ಷರ ಕೂರಿಸಿ, ಪ್ರಿಂಟಿಂಗ್ ಅಂಗಡಿಯ ಮಂಜೂರನ ಮಷಿನ್ನಿಗೆ ಕಳಿಸುವುದು ಅವಳ ಕೆಲಸ. ಮಂಜೂರ ಅದನ್ನು ಫ್ಲೆಕ್ಸಿನ ಮೇಲೆ ಮುದ್ರಿಸಿ ಕೊಡುತ್ತಾನೆ. ಕೆಳಗೆ ಮೂಲೆಯಲ್ಲಿ ಮಾಡಿದವರ ಹೆಸರು, ಫೋನ್ ನಂಬರು ಇರುವುದು ಈ ಧಂದೆಯ ರೂಢಿ. ಹೊಸ ಗಿರಾಕಿ ಅದನ್ನು ನೋಡಿಯೇ ಬರಬೇಕು. ಆವರೆಗೆ ಬಂದವರೆಲ್ಲ ಸಂಬಂಧಿಕರು, ಇಲ್ಲವೇ ಪರಿಚಯದವರು. ಗುರುತಿಲ್ಲದ ಒಬ್ಬರಾದರೂ ತನ್ನ ಕೆಲಸ ನೋಡಿ ಹುಡುಕಿಕೊಂಡು ಬರಬೇಕೆಂಬುದು ಅವಳ ಹಟ. ದೀಪಾವಳಿಯೊಳಗೆ ಯಾರೂ ಬರದಿದ್ದರೆ ಹಳೆಯ ಪ್ರೆಸ್ಸಿಗೇ ಮರಳುತ್ತೇನೆಂದು ತಾಯಿಗೆ ಮಾತು ಕೊಟ್ಟಿದ್ದಳು.

ಆದರೆ ಆ ಮೂಲೆ ಉಳಿದರೆ ತಾನೇ! ನಮ್ಮ ಕಡೆ ಬ್ಯಾನರಿನಲ್ಲಿ ಒಬ್ಬರ ಮುಖ ಬಿಟ್ಟುಹೋದರೂ ಅವರು ಮಾತು ಬಿಡುತ್ತಾರೆ. ಎಲ್ಲ ಮುಗಿದು ಇನ್ನೇನು ಕಳಿಸಬೇಕು ಎನ್ನುವಾಗ ಗಿರಾಕಿಯ ಫೋನು ಬರುತ್ತದೆ.

"ಏ ಜ್ಯೋತಿ, ನಮ್ಮ ಸಡ್ಡಕನ ಮಾರಿ ಒಂದ ಉಳದೈತಿ ನೋಡವಾ. ಮೂಲ್ಯಾಗ ನಂಬರ್ ಹಾಕೀಯಲ್ಲ, ಅದನ್ನ ತಗದು ಅಂವನ್ನ ಕೂಡಸು."

"ಕಾಕಾ, ಅದು ನನ್ನ ಹೊಟ್ಟಿಪಾಡ್ರಿ."

"ಅಯ್ಯ, ನಿನ್ನ ನಂಬರ್ ನನ್ನ ಕಡೆ ಐತಲ್ಲ!"

ಇದಕ್ಕೆ ಏನು ಹೇಳುತ್ತೀರಿ? ಝಳಕಿಯಲ್ಲಿ ಹೆದ್ದಾರಿ ಪಕ್ಕದ ಧಾಬಾದ ಬ್ಯಾನರಿನಲ್ಲಿ ಮಾತ್ರ ಜಗಳವಾಡಿ ನಂಬರು ಉಳಿಸಿಕೊಂಡಳು. ಮರುದಿನ ಬಸ್ಸಿನ ಕಿಟಕಿಯಿಂದ ನೋಡಿದರೆ, ಧಾಬಾದವನ ಸೋದರಮಾವನ ಫೋಟೊವನ್ನು ಆ ನಂಬರಿನ ಮೇಲೆ ಗಮ್ಮು ಹಚ್ಚಿ ಅಂಟಿಸಿದ್ದರು. ಅವತ್ತು ಮನೆಗೆ ಬಂದವಳು ತಾಯಿಯ ಮೇಲೆ, ಬೆಕ್ಕಿನ ಮೇಲೆ, ಗೋಡೆಯಾಚೆಯ ನನ್ನ ಮೇಲೆ ಹರಿಹಾಯ್ದಳು.

ಅಷ್ಟರಲ್ಲಿ ಮೋರಟಗಿಯ ಬಸಂತರಾಯರು ತೀರಿಕೊಂಡರು. ಸುತ್ತಲಿನ ಊರುಗಳಲ್ಲಿ ದೊಡ್ಡ ಹೆಸರು. ಅವರ ಮಗ ಅಮಿತ ಮಂಜೂರನ ಗೆಳೆಯ. ಶ್ರದ್ಧಾಂಜಲಿಯ ಬ್ಯಾನರಿಗೆಂದು ಫೋಟೊಗಳ ರಾಶಿಯನ್ನೇ ಭಾಗ್ಯಜ್ಯೋತಿಯ ಮೊಬೈಲಿಗೆ ಕಳಿಸಿ, "ನಿಮಗ ತಿಳದಂಗ ಮಾಡ್ರಿ" ಎಂದಷ್ಟೇ ಹೇಳಿದ. ದುಃಖದಲ್ಲಿದ್ದವನು ಮೂಲೆಯ ಸುದ್ದಿಗೇ ಬರಲಿಲ್ಲ. ಸಾವಿನ ಬ್ಯಾನರಿನಿಂದ ಸಂತೋಷವಾಯಿತೆಂದು ಅವಳಿಗೆ ನಾಚಿಕೆಯೂ ಆಯಿತು. ಅಂಗಡಿಯಿಲ್ಲದವಳು ಅಂಗಡಿಯ ಹೆಸರನ್ನು ಎಲ್ಲಿಂದ ತರಬೇಕು? ಎಲ್ಲ ಮುಖಗಳ ಕೆಳಗೆ ಬರೀ 'ಭಾಗ್ಯಜ್ಯೋತಿ' ಎಂದು ಬರೆದು ನಂಬರು ಹಾಕಿದಳು. ಬ್ಯಾನರು ಮೋರಟಗಿಯ ಬಸ್‌ಸ್ಟ್ಯಾಂಡಿನಲ್ಲಿ ಎದ್ದು ನಿಂತಿತು.

ಮರುದಿನ ಬೆಳಿಗ್ಗೆಯಿಂದ ಒಂದೇ ಸಮ ಫೋನು.

"ಹೆಂಗಾತವಾ ಇದು? ಮಣ್ಣ ಆತೇನು?"

"ನಾ ಅವರ ಮನಿಯಾಕಿ ಅಲ್ರಿ. ಬ್ಯಾನರ್ ಮಾಡಾಕಿ."

ಜನ ಅವಳನ್ನು ಸತ್ತವರ ಮಗಳೆಂದು ತಿಳಿದಿದ್ದರು! ಅಲ್ಲವೆಂದರೆ ಸಿಟ್ಟಾಗುತ್ತಿದ್ದರು. ಇಂಡಿಯಿಂದ ಮಾತಾಡಿದವರೊಬ್ಬರು, "ಸತ್ತವರ ಮಾರಿ ಕೆಳಗ ನಿನ್ನ ಜಾಹೀರಾತೇನ?" ಎಂದು ಉಗಿದರು. ಹಲಸಂಗಿಯ ಮುದುಕರೊಬ್ಬರು ಏನನ್ನೂ ಕೇಳಿಸಿಕೊಳ್ಳದೆ ಅತ್ತೇ ಅತ್ತರು. ಅವರಿಗೆ ಮಾತ್ರ ಅವಳು, "ಹೌದ್ರಿ ಅಜ್ಜಾ, ಸಮಾಧಾನ ಮಾಡ್ಕೋರಿ" ಎಂದು ಮಗಳಂತೆಯೇ ಹೇಳಬೇಕಾಯಿತು. ಫೋನಿಟ್ಟು, "ಕಂಡವರ ಮಗಳಾಗೂದೊಂದ ಉಳದಿತ್ತು ನನಗ!" ಎಂದು ಕೂಗಿಕೊಂಡದ್ದು ನಮ್ಮ ಪಡಸಾಲೆಗೂ ಕೇಳಿಸಿತು.

ವಾರ ಕಳೆದು ಕರೆಗಳು ಕಡಿಮೆಯಾದವು. ಆಗ ಒಬ್ಬ ಹೆಂಗಸಿನ ಫೋನು ಬಂತು.

"ಭಾಗ್ಯಜ್ಯೋತಿ ಅಂದ್ರ ನೀನ ಏನವಾ?"

"ಹೌದ್ರಿ, ಆದ್ರ ನಾ ಅವರ ಮಗಳಲ್ರಿ."

"ಗೊತ್ತೈತಿ. ನನಗ ಹೆಣ್ಣಮಕ್ಕಳಿಲ್ಲ. ನಾ ಅಮಿತನ ಅವ್ವ, ಸುಂದರವ್ವ."

"ತಪ್ಪಾತ್ರಿ ಅವ್ವಾ. ನಂಬರ್ ಇವತ್ತ ತಗಸ್ತೇನ್ರಿ."

"ಅದಕ್ಕಲ್ಲವಾ. ಬ್ಯಾನರ್ ಚಂದ ಮಾಡೀದಿ. ಎಲ್ಲಾರ ಮಾರೀನೂ ಅದಾವು. ಅವರ ಮ್ಯಾಲ ಕೇಸ್ ಹಾಕಿ ಜನ್ಮಪೂರ್ತಿ ಕೋರ್ಟಿಗೆ ಅಡ್ಡಾಡಿದ ಅವರ ತಮ್ಮಂದೂ ಐತಿ. ನಂದಿಲ್ಲ."

ಅಷ್ಟು ಫೋಟೊ ಕಳಿಸಿದ ಮಗನಿಗೂ ತಾಯಿಯದು ನೆನಪಾಗಿರಲಿಲ್ಲ. ಕೇಳಬೇಕೆಂದು ಭಾಗ್ಯಜ್ಯೋತಿಗೂ ಹೊಳೆದಿರಲಿಲ್ಲ.

"ನನಗೊಂದು ಬ್ಯಾರೆ ಮಾಡಿಕೊಡು. ಅವರು, ನಾನು, ಇಬ್ಬರ. ಮತ್ಯಾರೂ ಬ್ಯಾಡ. ಇಬ್ಬರ ಮಾರೀನೂ ಒಂದ ಅಳತಿ ಇರ್ಬೇಕು."

ಒಳಗಿನಿಂದ ಸಿದ್ದಲಿಂಗವ್ವ ಯಾವುದೋ ಕೆಲಸಕ್ಕೆ ಕೂಗುತ್ತಿದ್ದಳು. "ಸುಮ್ಮನಿರಬೇ, ಗಿರಾಕಿ ಮಾತಾಡಾಕತ್ತಾರ" ಎಂದು ಭಾಗ್ಯಜ್ಯೋತಿ ಗದರಿದಳು. ಆಮೇಲೆ ಮೆತ್ತಗೆ ಕೇಳಿದಳು, "ಮನಿಯಾಗ ಹಾಕಾಕೇನ್ರಿ ಅವ್ವಾ? ಹಂಗಾದ್ರ ಸಣ್ಣದು ಮಾಡ್ತೇನಿ."

"ಮನಿಯಾಗ ಯಾಕವಾ?" ಎಂದಳು ಸುಂದರವ್ವ. "ಬಸ್‌ಸ್ಟ್ಯಾಂಡಿನ್ಯಾಗ ಕಟ್ಟಸ್ತೇನಿ. ಆ ಬ್ಯಾನರ್ ಎದುರಿಗೇ."