ಮುಂದೆ ಒಬ್ಬನೇ ನಿಂತವನು

ನಿಮಗೂ ಹೀಗಾಗುತ್ತದಾ, ಹೇಳಿ. ನಮ್ಮ ದೇಶದ ಫುಟ್‌ಬಾಲ್ ತಂಡ ಸೋಲುತ್ತಿದ್ದರೆ ನಾನು ಆರಾಮವಾಗಿ ಚಕ್ಕುಲಿ ಮೆಲ್ಲುತ್ತೇನೆ. ಒಂದು ಗೋಲು ಮುಂದಿದ್ದರೆ ಮಾತ್ರ ಕೈಕಾಲು ತಣ್ಣಗಾಗುತ್ತವೆ.

ಮೊನ್ನೆ ಸಂಜೆ ಅದೇ ಅವಸ್ಥೆ. ಗೋಲು ಹೊಡೆದಿದ್ದೇ ತಡ, ಟಿವಿಯಲ್ಲಿ ನಮ್ಮವರು ತಮ್ಮ ಗೋಲ್‌ಪೋಸ್ಟಿನ ಮುಂದೆ ಬೇಲಿ ಹಾಕಿದ ಹಾಗೆ ನಿಂತುಬಿಟ್ಟರು. ಐದು ಜನ ಹಿಂದೆ, ಅವರ ಮುಂದೆ ನಾಲ್ವರು, ದೂರದಲ್ಲಿ ಒಬ್ಬನೇ ಒಬ್ಬ. ಎದುರಾಳಿ ನುಗ್ಗಿ ಬರಲಿ, ಚೆಂಡು ಸಿಕ್ಕ ಕೂಡಲೇ ಆ ಒಬ್ಬನಿಗೆ ಉದ್ದಕ್ಕೆ ಒದೆಯುವುದು. ಅದೇ ಉಪಾಯ. ಇನ್ನೂ ಇಪ್ಪತ್ತು ನಿಮಿಷ ಬಾಕಿ. ತಡೆಯಲಾರದೆ ಕಿಟಕಿಯ ಹತ್ತಿರ ಹೋದೆ. ಅಂಗಳದಲ್ಲಿ ಹೆಂಡತಿ ಒಣಹಾಕಿದ ಕಾಫಿ ಹಣ್ಣನ್ನು ಗುಡ್ಡೆ ಮಾಡುತ್ತಿದ್ದಳು. ಆ ಹುಳಿವಾಸನೆ ಮೂಗಿಗೆ ಬಡಿಯಿತು ನೋಡಿ, ರೈಟರ್ ಬಸಪ್ಪಣ್ಣ ನೆನಪಾದರು.

ಆಗ ನಾನು ಚೆಟ್ಟಳ್ಳಿ ಹತ್ತಿರದ ಎಸ್ಟೇಟ್ ಒಂದರಲ್ಲಿ ಜೀಪ್ ಡ್ರೈವರ್. ಬಸಪ್ಪಣ್ಣ ಅಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್. ನಮ್ಮ ಫುಟ್‌ಬಾಲ್ ತಂಡಕ್ಕೂ ಅವರೇ ಗುರು, ತಾವು ಮಾತ್ರ ಒಂದು ದಿನವೂ ಚೆಂಡು ಮುಟ್ಟಿದವರಲ್ಲ. ಕಾಫಿ ಕಣದಲ್ಲಿ ಕುಕ್ಕರಗಾಲಲ್ಲಿ ಕೂತು ಹಣ್ಣು ಜೋಡಿಸಿ ತೋರಿಸುತ್ತಿದ್ದರು. ಐದು, ನಾಲ್ಕು, ಒಂದು.

"ಪಿಕ್ಕಿಂಗ್ ಮಾಡ್ದಂಗೇ ಕಣ್ರೋ. ಅವನವನ ಸಾಲು ಅವನವನಿಗೆ. ಪಕ್ಕದ ಸಾಲಲ್ಲಿ ಗಿಡ ಎಷ್ಟೇ ತುಂಬಿರ್ಲಿ, ಕೈ ಹಾಕ್ಬಾರ್ದು."

ಹಣ್ಣು ಕೊಯ್ಯುವ ಪಿಕ್ಕಿಂಗಿನಲ್ಲಿ ಅದು ದೊಡ್ಡ ಕಟ್ಟಳೆ. ಬೆಳಿಗ್ಗೆ ಸಾಲು ಹಂಚಿದ ಮೇಲೆ ಪಕ್ಕದವರ ಗಿಡ ಮುಟ್ಟಿದರೆ ಹೆಂಗಸರ ಬೈಗುಳ ಮಡಿಕೇರಿವರೆಗೆ ಕೇಳುತ್ತಿತ್ತು.

ಮುಂದಿನ ಆ ಒಂಟಿ ಹಣ್ಣು ಎಂದರೆ ಮಣಿ. ಪಿಕ್ಕಿಂಗಿಗೆಂದು ತಮಿಳುನಾಡಿನಿಂದ ಬಂದು ಆಳುಗಳ ಲೈನ್‌ಮನೆಯಲ್ಲಿದ್ದವನು. ಅವನಿಗೆ ಇಲ್ಲೇ ಉಳಿಯುವ ಆಸೆ. ಆ ವರ್ಷದ ಪಂದ್ಯಾವಳಿಯ ಕಪ್ ತಂದರೆ ಮಣಿಗೆ ಖಾಯಂ ಕೆಲಸ ಎಂದು ತೋಟದ ಸಾಹುಕಾರರು ಎಲ್ಲರೆದುರು ಹೇಳಿಬಿಟ್ಟಿದ್ದರು. ಇಲ್ಲದಿದ್ದರೆ ಪಿಕ್ಕಿಂಗ್ ಮುಗಿದೊಡನೆ ಊರಿನ ದಾರಿ.

ಫೈನಲ್‌ನಲ್ಲಿ ನಾಪೋಕ್ಲಿನ ತಂಡ ಎದುರಿಗೆ. ಮಣಿ ಮೊದಲೇ ಒಂದು ಗೋಲು ಹೊಡೆದ. ಆಮೇಲೆ ನಮ್ಮದು ಬರೀ ಕಾಯುವ ಕೆಲಸ. ನಾನು ಹಿಂದಿನ ಸಾಲಿನ ಬಲತುದಿ. ಕಾಯುವುದು ಎಂಥ ಹಿಂಸೆ ಗೊತ್ತಾ? ಓಡುವವನಿಗೆ ಭಯ ಮರೆಯುತ್ತದೆ, ನಿಂತವನು ಅದನ್ನೇ ನೋಡುತ್ತಾ ನಿಂತಿರಬೇಕು. ಇನ್ನೇನು ಮುಗಿಯಿತು ಎನ್ನುವಾಗ ಚೆಂಡು ನನ್ನ ಕಾಲಿಗೆ ಬಂತು. ಮುಂದೆ ಇಡೀ ಬಯಲು ಖಾಲಿ. ಸಾಲು ಬಿಟ್ಟು ಓಡಿದೆ.

"ಬೇಡ ಕಣೋ ಡ್ರೈವರ್! ರಿವರ್ಸ್ ಹಾಕೋ!" ಬಸಪ್ಪಣ್ಣನ ಗಂಟಲು ಹರಿಯಿತು.

ಮಣಿಯನ್ನು ಮುಟ್ಟುವ ಮೊದಲೇ ಚೆಂಡು ಕಳೆದುಕೊಂಡೆ. ನಾನು ಬಿಟ್ಟುಬಂದ ಜಾಗದಿಂದಲೇ ನಾಪೋಕ್ಲಿನವರು ನುಗ್ಗಿ ಗೋಲು ಹೊಡೆದರು. ನಾವು ಕಂಗಾಲಾಗಿ ನಿಂತಿರುವಾಗಲೇ ಇನ್ನೊಂದು. ಕಪ್ ನಾಪೋಕ್ಲಿಗೆ ಹೋಯಿತು.

"ಪಕ್ಕದ ಸಾಲಿನ ಹಣ್ಣು ಸಿಹಿಯಾಗಿತ್ತೇನಪ್ಪಾ?" ಬಸಪ್ಪಣ್ಣ ಕೇಳಿದ್ದು ಅಷ್ಟೇ. ಹೊಡೆದಿದ್ದರೆ ವಾಸಿಯಿತ್ತು.

ವಾರದ ಮೇಲೆ ಪಿಕ್ಕಿಂಗ್ ಮುಗಿದು, ಮಡಿಕೇರಿಯಲ್ಲಿ ಮಣಿಯನ್ನು ಬಸ್ಸಿಗೆ ಬಿಡುವ ಕೆಲಸವೂ ನನ್ನ ತಲೆಗೇ ಬಂತು. ಕ್ಷಮೆ ಹೇಗೆ ಕೇಳುವುದೆಂದು ಲೆಕ್ಕ ಹಾಕುತ್ತಾ ಜೀಪ್ ಹೊರಡಿಸಿದೆ. ಅವನೇ ಶುರುಮಾಡಿದ.

"ಅಣ್ಣಾ, ಅವತ್ತು ನೀನು ಓಡಿ ಬಂದಿಯಲ್ಲ, ಖುಷಿ ಆಯ್ತು."

"ತಮಾಷೆ ಮಾಡ್ತೀಯಾ ಮಾರಾಯ?"

"ಇಲ್ಲಣ್ಣ, ಸತ್ಯ. ಎಲ್ಲಾರೂ ಅಲ್ಲಿ ಹಿಂದೆ. ಇಲ್ಲಿ ನಾನು ಒಬ್ನೇ. ಭಯ ಆಗ್ತಿತ್ತು. ಯಾರಾದ್ರೂ ಬಂದ್ರಲ್ಲ ಅಂತ."

ಮಡಿಕೇರಿವರೆಗೂ ಎರಡನೇ ಗೇರಿನಲ್ಲೇ ನಿಧಾನಕ್ಕೆ ಓಡಿಸಿದೆ.

"ರೀ, ಕೂತ್ಕೊಳ್ಳಿ, ಬಿಪಿ ಏರುತ್ತೆ," ಎನ್ನುತ್ತಾ ಹೆಂಡತಿ ಒಳಗೆ ಬಂದಳು. ಟಿವಿಯಲ್ಲಿ ಕೊನೆಯ ನಿಮಿಷ. ಚೆಂಡು ಸಿಕ್ಕ ನಮ್ಮ ಬಲಗಡೆಯ ಹುಡುಗನ ಮುಂದೆ ಬಯಲು ಖಾಲಿ. ಇಷ್ಟು ವರ್ಷ ಇಂಥ ಹೊತ್ತಿನಲ್ಲಿ "ಸಾಲು ಬಿಡ್ಬೇಡ ಕಣೋ" ಎಂದು ಕಿರುಚುತ್ತಿದ್ದವನು ನಾನು. ಮೊನ್ನೆ ಕಿರುಚುವ ಬದಲು ಟಿವಿಯ ಹತ್ತಿರ ಹೋಗಿ ನಿಂತೆ. ಅವನು ಎರಡು ಹೆಜ್ಜೆ ಇಟ್ಟು, ಚೆಂಡನ್ನು ಹೊರಗೆ ಒದ್ದು, ಹಿಂದೆ ಬಂದು ನಿಂತ. ರೆಫರಿ ಶಿಳ್ಳೆ ಊದಿದ. ಗೆದ್ದೆವು.

ಎಲ್ಲರೂ ನಮ್ಮ ಗೋಲ್‌ಪೋಸ್ಟಿನ ಹತ್ತಿರ ತಬ್ಬಿಕೊಂಡು ಕುಣಿಯುತ್ತಿದ್ದರು. ಹೆಂಡತಿ ಚಪ್ಪಾಳೆ ತಟ್ಟುತ್ತಿದ್ದಳು. ನಾನು ಹುಡುಕುತ್ತಿದ್ದದ್ದು ಆ ಒಬ್ಬನನ್ನು. ಅಷ್ಟು ದೂರದಿಂದ, ಅರ್ಧ ಮೈದಾನ ದಾಟಿ, ಅವನೊಬ್ಬನೇ ಓಡಿ ಬರುತ್ತಿದ್ದ. ಅವನು ಬಂದು ಮುಟ್ಟುವವರೆಗೆ ನಾನು ಕೂರಲಿಲ್ಲ.

ನಿಮ್ಮೂರಿನ ತಂಡದಲ್ಲೂ ಹಾಗೆ ಮುಂದೆ ಒಬ್ಬನೇ ನಿಂತವನು ಇದ್ದನಾ? ಕೆಳಗೆ ಬರೆಯಿರಿ, ಒಂದೂ ಬಿಡದೆ ಓದುತ್ತೇನೆ. ಚೆಟ್ಟಳ್ಳಿಯ ಕಡೆ ಒಂದು ಸೀಸನ್ ಆಡಿ ಹೋದ ಮಣಿ ಎಲ್ಲಿದ್ದಾನೆಂದು ಗೊತ್ತಿದ್ದವರು ಮೊದಲು ಬರೆಯಿರಿ.