ಗಿರಣಿಯ ಇಂಜಿನ್ ಎಣ್ಣೆ ಹಡೆದದ್ದು

ಗಡಿಗೆಯಲ್ಲಿ ತುಪ್ಪ ಇಳಿದಿದ್ದರೆ ಎಲ್ಲರೂ ಸೊಸೆಯ ಕಡೆ ನೋಡುತ್ತಾರೆ. ಏರಿದ್ದರೆ ಮಾತ್ರ ಯಾರೂ ಏಕೆಂದು ಕೇಳುವುದಿಲ್ಲ. ಮೊನ್ನೆ ಮೊಮ್ಮಗ ತನ್ನ ಟರ್ಬೊ ಕಾರಿನ ಆಯಿಲ್ ಏರಿದೆಯೆಂದು ಗ್ಯಾರೇಜಿಗೆ ಓಡಿದಾಗ, ಈ ಕಾಲದವರು ಜಾಣರು ಅನ್ನಿಸಿತು. ನಮ್ಮ ಮಾವನವರಾಗಿದ್ದರೆ ಪೇಡೆ ಹಂಚುತ್ತಿದ್ದರು.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಮದುವೆಯಾಗಿ ಸೋನ್ಯಾಳಕ್ಕೆ ಬಂದಾಗ ಮನೆಗೆ ಹಿಟ್ಟಿನ ಗಿರಣಿಯಿತ್ತು. ಬೀಸುವುದು, ಅಳೆಯುವುದು ಅತ್ತೆಯ ಪಾಲು; ಗಿರಣಿ ತಿರುಗಿಸುವ ಡೀಸೆಲ್ ಇಂಜಿನ್ ಮಾವನವರ ಪಾಲು. ದಿನಾ ಬೆಳಿಗ್ಗೆ ಅವರು ಇಂಜಿನ್ನಿನೊಳಗಿಂದ ಕಡ್ಡಿ ಎಳೆದು, ಆಯಿಲ್ ಎಲ್ಲಿವರೆಗೆ ಇದೆಯೆಂದು ನೋಡುವರು. ಪೂಜೆ ತಪ್ಪಿದರೂ ಇದು ತಪ್ಪುತ್ತಿರಲಿಲ್ಲ.

ಒಂದು ಚಳಿಗಾಲ ಆಯಿಲ್ ಇಳಿಯುವ ಬದಲು ಏರತೊಡಗಿತು. ಮಾವನವರಿಗೆ ಹಿಗ್ಗೋ ಹಿಗ್ಗು. ಬಂದವರಿಗೆಲ್ಲ ಕಡ್ಡಿ ತೋರಿಸುವರು. "ನೋಡ್ರಿ, ಮಂದಿ ಇಂಜಿನ್ ಎಣ್ಣಿ ಕುಡೀತಾವು, ನಮ್ದು ಹಡೀತೈತಿ!"

ಎಳ್ಳಮಾವಾಸ್ಯೆಯ ಹಿಂದಿನ ದಿನ ಅಂಗಳದ ತುಂಬ ಜೋಳ, ಸಜ್ಜೆಯ ಬುಟ್ಟಿಗಳು. ಅರ್ಧ ಬೀಸುವಷ್ಟರಲ್ಲಿ ಇಂಜಿನ್ ಕಪ್ಪು ಹೊಗೆ ಉಗುಳುತ್ತ ಟಕಟಕ ಬಡಿದುಕೊಳ್ಳತೊಡಗಿತು. ಅತ್ತೆ ಅದನ್ನು ನಿಲ್ಲಿಸಿ, ತಾವೇ ಕಡ್ಡಿ ಎಳೆದು, ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ಮೂಸಿದರು.

"ನೀರಾಗೈತ್ರಿ ಇದು. ಡೀಸೆಲ್ ವಾಸನಿ ಹೊಡಿಲಾಕತ್ತೈತಿ."

"ಹೆಚ್ಚಾಗೈತಲ್ಲ!" ಎಂದರು ಮಾವ.

"ಗೌಳ್ಯಾರ ಹಾಲೂ ಹೆಚ್ಚಾಗ್ತೈತಿ. ಎಮ್ಮಿ ಕೊಟ್ಟಿದ್ದಲ್ಲ ಅದು."

ಜನ ನಕ್ಕರು. ಮಾವನವರ ಮುಖ ಕೆಂಪಾಯಿತು. "ಹಬ್ಬ ಮುಂದಿಟ್ಕೊಂಡು ಗಿರಣಿ ಬಂದ್ ಮಾಡ್ತಿ?"

ಸರದಿಯಲ್ಲಿದ್ದ ಹಸೀನಾಬಿ, "ಅಕ್ಕಾರ, ಮನ್ಯಾಗ ಬೀಗರು ಕುಂತಾರ. ನಂದೊಂದು ಬೀಸಿ ಬಂದ್ ಮಾಡ್ರಿ" ಎಂದು ಬೇಡಿಕೊಂಡಳು.

"ನಿಂದೊಂದು ಬೀಸಿದ್ರ ಊರಿಗೆ ಗಿರಣಿ ಉಳಿಯಂಗಿಲ್ಲವ್ವಾ" ಎಂದ ಅತ್ತೆ, ಇಂಜಿನ್ ತಿರುಗಿಸುವ ಹ್ಯಾಂಡಲನ್ನೇ ಎತ್ತಿಕೊಂಡು ಅಡುಗೆಮನೆಗೆ ಹೋದರು. ಮಾವ ಹೆಂಡತಿಯನ್ನು ಎದುರಿಸಬಲ್ಲವರು. ಕೈಯಲ್ಲಿ ಕಬ್ಬಿಣ ಹಿಡಿದ ಹೆಂಡತಿಯನ್ನಲ್ಲ.

ಅತ್ತೆ ಹೊರಗೆ ಬಂದು ಬೀಸುಕಲ್ಲಿನ ಮೇಲಿನ ಗೋಣಿಚೀಲ ಸರಿಸಿ, ಹಸೀನಾಬಿಯನ್ನು ಎದುರಿಗೆ ಕೂರಿಸಿಕೊಂಡು ಮೊದಲು ಅವಳ ಜೋಳವನ್ನೇ ಬೀಸಿದರು. ಉಳಿದವರು ಬೈಯುತ್ತ ತಂತಮ್ಮ ಮನೆಯ ಬೀಸುಕಲ್ಲುಗಳಿಗೆ ಮರಳಿದರು. ನಮ್ಮ ಮನೆಯ ಜೋಳ ಬೀಸುವ ಪಾಳಿ ನನಗೆ ಬಂತು; ಸಂಜೆಗೆ ನನ್ನ ಅಂಗೈಯಲ್ಲಿ ಬೊಕ್ಕೆ. ಮಾವ ಆ ರಾತ್ರಿ ಗೋಡೆಯ ಕಡೆ ಮುಖ ಮಾಡಿ ಕೂತು ರೊಟ್ಟಿ ತಿಂದರು.

ಹಬ್ಬ ಮುಗಿದ ಮೇಲೆ ಜತ್ತದಿಂದ ಮಿಸ್ತ್ರಿ ಬಂದು ಇಂಜಿನ್ ಬಿಚ್ಚಿದ. ಡೀಸೆಲ್ ಚಿಮ್ಮಿಸುವ ನಾಜಲ್ ಸೋರುತ್ತಿತ್ತು. ಸುಡದೆ ಉಳಿದ ಡೀಸೆಲ್ ಕೆಳಗಿಳಿದು ಆಯಿಲ್ಲನ್ನು ತಿಳಿಸಾರು ಮಾಡಿತ್ತು.

"ಬೇರಿಂಗ್ ಸವದೈತಿ, ಸುಟ್ಟಿಲ್ಲ. ನಿಮ್ಮ ನಸೀಬ ಚಲೋ ಐತ್ರಿ" ಎಂದ.

"ನಸೀಬ ಅಲ್ಲೋ, ನಮ್ಮನಿಯಾಕಿ" ಎಂದರು ಮಾವ, ಮೆಲ್ಲಗೆ. ಒಳಗೆ ಚಹಾ ಸೋಸುತ್ತಿದ್ದ ಅತ್ತೆಗೆ ಕೇಳಿಸಿತೋ ಏನೋ, ಮಾವನವರ ಬಟ್ಟಲಿಗೆ ಇನ್ನೊಂದು ಚಮಚ ಸಕ್ಕರೆ ಬಿತ್ತು.

ಆಮೇಲೆ ಮಾವನವರ ಸಂತೋಷವೇ ತಿರುವುಮುರುವಾಯಿತು. ಬೆಳಿಗ್ಗೆ ಕಡ್ಡಿ ನೋಡಿ, "ಚೂರು ಇಳದೈತಿ! ಭಾಳ ಚಲೋ ಆತು!" ಎಂದು ನಗುತ್ತ ಒಳಗೆ ಬರುವರು. ನನ್ನನ್ನು ನೋಡಲು ಶೇಗಾಂವದಿಂದ ಬಂದಿದ್ದ ನನ್ನ ಅಪ್ಪ ಇದನ್ನು ಕೇಳಿ ಗಾಬರಿಯಾಗಿ, ನನ್ನನ್ನು ಬದಿಗೆ ಕರೆದು ಕೇಳಿದ: "ನಿಮ್ಮ ಮಾವಾರು ಆರಾಮ ಅದಾರೇನವಾ?"

"ಈಗ ಆರಾಮ ಅದಾರಪ್ಪಾ" ಎಂದೆ.