ತೊಳೆದ ಟ್ರಫಲ್

ಅಂಗಡಿಯವರೆಲ್ಲ ಅವಳನ್ನು ಸ್ವೆಟರಕ್ಕ ಎನ್ನುತ್ತಿದ್ದರು. ಹೊರಗೆ ಡಾಂಬರು ಕರಗುವ ಬಿಸಿಲಿದ್ದರೂ ಅವಳ ಮೈಮೇಲೆ ಮೊಣಕೈ ಸವೆದ ಬೂದು ಸ್ವೆಟರು. ಹತ್ತೊಂಬತ್ತು ವರ್ಷದಿಂದ ಅಂಗಡಿಯ ಹಿಂದಿನ ತಣ್ಣನೆ ಕೋಣೆ ಅವಳ ರಾಜ್ಯ. ಬೆಣ್ಣೆ, ಚೀಸು, ಅಣಬೆ ಅವಳ ಪ್ರಜೆಗಳು. ಗಂಡ ತೀರಿಕೊಂಡ ಮೇಲೆ ಮೈದುನ ಗಲ್ಲಾಪೆಟ್ಟಿಗೆ ತಾನಿಟ್ಟುಕೊಂಡು, ಅತ್ತಿಗೆಗೆ ಚಳಿ ಕೊಟ್ಟಿದ್ದ.

ಪ್ರಜೆಗಳಲ್ಲಿ ಹೆಚ್ಚು ಠೇಂಕಾರದವು ಟ್ರಫಲ್‌ಗಳು. ಮರದ ಬೇರಿನ ಬಳಿ ನೆಲದೊಳಗೆ ಹುಟ್ಟುವ ಅಣಬೆ. ನೋಡಲು ಒಲೆಯಲ್ಲಿ ಮರೆತ ಆಲೂಗಡ್ಡೆ. ಬೆಲೆಯೆಲ್ಲ ಘಮದ್ದು. ಆ ಘಮವೋ, ಕಿತ್ತ ಗಳಿಗೆಯಿಂದಲೇ ಗಂಟುಮೂಟೆ ಕಟ್ಟಿ ಹೊರಟು ನಿಂತಿರುತ್ತದೆ. ಅದನ್ನು ಒಂದು ವಾರ ತಡೆದು ಕೂರಿಸುವ ವಿದ್ಯೆ ಸ್ವೆಟರಕ್ಕನದು. ಮಣ್ಣು ಹಾಗೇ ಇರಬೇಕು. ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಗಾಜಿನ ಭರಣಿಯಲ್ಲಿಟ್ಟು, ಮುಚ್ಚಿ, ತಂಪಿನಲ್ಲಿಡಬೇಕು. ದಿನಾ ಬೆಳಗ್ಗೆ ಒದ್ದೆ ಕಾಗದ ಬದಲಿಸಬೇಕು. ನೀರು ತೋರಿಸುವುದು ಹೆಚ್ಚುವ ಮುಂಚೆ ಮಾತ್ರ. ಜೊತೆಗೆ ಎರಡು ಮೊಟ್ಟೆ ಇಟ್ಟರೆ ಚಿಪ್ಪಿನೊಳಕ್ಕೂ ಘಮ ಇಳಿಯುತ್ತದೆ. ಆ ಮೊಟ್ಟೆಗಳು ಅವಳಿಗೆ ಸಂಬಳದ ಮೇಲಿನ ಸಂಬಳ.

ದೊಡ್ಡ ಹೋಟೆಲಿನ ಅಡುಗೆಯವನು ಪ್ರತಿ ಗುರುವಾರ ಬರುತ್ತಿದ್ದ. ಭರಣಿ ಮೂಸುತ್ತಲೂ ಇರಲಿಲ್ಲ. "ಅಕ್ಕಾ, ಇವತ್ತು ಹೇಗೆ?" ಎನ್ನುವುದು. ಅವಳು "ತಗೋ" ಎಂದರೆ ಮುಗಿಯಿತು. ಆ ಒಂದು "ತಗೋ" ಅವಳು ಗಳಿಸಿದ ಆಸ್ತಿ.

ಮಗಳ ಹೆರಿಗೆಗೆಂದು ಮೂರು ದಿನ ರಜೆ ಹಾಕಿ, ಗುರುವಾರ ಬೆಳಗ್ಗೆ ಬಂದು ನೋಡಿದರೆ ಭರಣಿ ಖಾಲಿ. ಟ್ರಫಲ್‌ಗಳು ಅಕ್ಕಿ ಡಬ್ಬಿಯಲ್ಲಿ ಹೂತು ಮಲಗಿದ್ದವು. ತೆಗೆದರೆ ಮೆತ್ತಗೆ, ಜಿಗುಟು. ಒದ್ದೆ ಗೋಣಿಯ ವಾಸನೆ.

"ಯಾರು ಇವನ್ನ ತೊಳೆದಿದ್ದು?"

ಮೈದುನ ಹೆಮ್ಮೆಯಿಂದಲೇ ಬಂದ. "ನಾನೇ ಅತ್ತಿಗೆ. ಮಣ್ಣು ಮೆತ್ಕೊಂಡಿತ್ತು, ನೋಡಿದೋರು ಏನಂದಾರು? ಚೆನ್ನಾಗಿ ಉಜ್ಜಿ ಫಳಫಳ ಅನ್ನಿಸ್ದೆ. ನೀರು ಹೀರ್ಲಿ ಅಂತ ಅಕ್ಕಿಗೆ ಹಾಕ್ದೆ."

ಸೇಬನ್ನು ಬಟ್ಟೆಯಲ್ಲಿ ಉಜ್ಜಿ ಮಾರಿ ಮೇಲೆ ಬಂದವನು. ಹೊಳೆಯುವುದೆಲ್ಲ ಮಾರಾಟವಾಗುತ್ತದೆ ಎಂಬುದು ಅವನ ಶಾಸ್ತ್ರ.

"ಹೀರ್ತು ಕಣೋ! ಇದ್ದಬದ್ದ ಘಮಾನೂ ಹೀರ್ತು! ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!"

"ಮೆಲ್ಲಗೆ ಅತ್ತಿಗೆ, ಹೊರಗೆ ಗಿರಾಕಿ ಇದಾರೆ. ಟ್ರಫಲ್ ಘಮದ ಎಣ್ಣೆ ಬಾಟ್ಲಿ ಇದ್ಯಲ್ಲ, ನಾಲ್ಕು ಹನಿ ಸವರಿಬಿಡಿ. ಆ ಹೋಟೆಲಿನವ್ನು ಎಲ್ಲಿ ಮೂಸ್ತಾನೆ? ನೀವು 'ತಗೋ' ಅಂದ್ರೆ ಸಾಕು."

ತೊಳೆದದ್ದು ದಡ್ಡತನ, ಬೈದು ಬಿಡಬಹುದಿತ್ತು. ಇದು ಅವಳ ನಾಲಗೆಯನ್ನೇ ಬಾಡಿಗೆಗೆ ಕೇಳಿದ ಹಾಗಾಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ಆ ಕೋಣೆಯಲ್ಲಿ ಬೆವರಿತು.

ಹನ್ನೊಂದಕ್ಕೆ ಅಡುಗೆಯವನು ಬಂದ. "ಅಕ್ಕಾ, ಇವತ್ತು ಹೇಗೆ?"

ಮೈದುನ ಎಣ್ಣೆ ಬಾಟಲಿಯ ಪಕ್ಕ ನಿಂತು ಹಲ್ಲು ಬಿಟ್ಟ.

"ಸತ್ತಿವೆ. ಮುಟ್ಬೇಡ. ಹೇಗೆ ಸತ್ವು ಅಂತ ನಮ್ಮ ಮೈದುನ ಹೇಳ್ತಾನೆ, ಕೇಳು."

ಮೈದುನ ಸೂರು ನೋಡಿದ, ನೆಲ ನೋಡಿದ. ಅತ್ತಿಗೆ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಸ್ವಲ್ಪ... ತೊಳ್ದೆ."

ಅಡುಗೆಯವನು ಸಾವಿನ ಮನೆಗೆ ಬಂದವನಂತೆ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. "ಮುಂದಿನ ವಾರ ಬರ್ತೀನಕ್ಕಾ" ಎಂದು ಹೊರಟುಹೋದ.

"ಗಿರಾಕಿ ಮುಂದೆ ಮರ್ಯಾದೆ ಕಳೆದ್ರಿ!"

"ನಿಂದು ಹೋಯ್ತು, ನಂದು ಉಳೀತು. ಇನ್ಮೇಲೆ ನಾನಿಲ್ದಾಗ ಈ ಕೋಣೆಗೆ ಬೀಗ. ಕೀಲಿ ನನ್ನ ಜೊತೆ ಬರುತ್ತೆ."

"ಅಂಗಡಿ ನಂದು ಅತ್ತಿಗೆ!"

"ಯಾರು ಇಲ್ಲ ಅಂದ್ರು? ಬೀದಿ ಬಾಗ್ಲು ಕೀಲಿ ನೀನೇ ಇಟ್ಕೋ."

ಬೀಗ ಜಡಿದು, ಕೀಲಿ ಜೇಬಿಗಿಳಿಸಿ, ಅವಳು ಮಗಳ ಮನೆಗೆ ನಡೆದಳು. ಬೆಣ್ಣೆ ಕೇಳಿ ಬಂದವರಿಗೆಲ್ಲ ಮೈದುನ ಸಂಜೆವರೆಗೂ "ನಾಳೆ ಬನ್ನಿ, ನಾಳೆ ಬನ್ನಿ" ಎನ್ನುತ್ತ ಕೂತಿದ್ದ.